ವಿಶ್ವ ಆರೋಗ್ಯ ದಿನದ ಅಂಗವಾಗಿ

ಒಂದು ಪಟ್ಟಣದಲ್ಲಿ ಜ್ವರವೆಂಬುದು ಒಂದೇ ಮಧ್ಯಾಹ್ನದಲ್ಲಿ, ಒಂದು ಮಾತ್ರೆಯೂ ಖರ್ಚಾಗದೆ, ಸರ್ವಾನುಮತದಿಂದ ನಿರ್ಮೂಲನವಾಯಿತು. ಹೇಗಾಗಿರಬಹುದು, ಊಹಿಸಿ ನೋಡೋಣ. ಲಸಿಕೆಯೇ? ಅಲ್ಲ. ಸೊಳ್ಳೆಗಳೇನಾದರೂ ಊರು ಬಿಟ್ಟುಹೋದವೇ? ಅವಕ್ಕೇನು ಹುಚ್ಚೇ, ಅಂಥ ಚರಂಡಿಗಳನ್ನು ಬಿಟ್ಟುಹೋಗಲು! ಜನರೆಲ್ಲ ನೀರನ್ನು ಕುದಿಸಿ ಆರಿಸಿ ಕುಡಿದರೇ? ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವ ನೀರನ್ನು ಹಿಡಿದಿಟ್ಟುಕೊಳ್ಳುವುದೋ, ಕುದಿಸುತ್ತ ಕೂರುವುದೋ? ಸೋತಿರಿ ತಾನೇ. ಬೇಜಾರು ಬೇಡ, ಈ ಪ್ರಶ್ನೆಗೆ ದೊಡ್ಡ ದೊಡ್ಡ ಡಾಕ್ಟರುಗಳೇ ಕೈಚೆಲ್ಲಿದ್ದಾರೆ. ಉತ್ತರ ಬಹಳ ಸರಳ: ಜ್ವರಕ್ಕೆ ವಾರ್ಡು ಸಿಗಲಿಲ್ಲ.

ಆ ಪಟ್ಟಣದ ಜನರ ಆರೋಗ್ಯ ಅದುವರೆಗೂ ಮೇಲಿನವರ ಕೈಯಲ್ಲಿತ್ತು. ಮೇಲಿನವರು ಎಂದರೆ ದೇವರಲ್ಲ, ರಾಜಧಾನಿಯ ಇಲಾಖೆ. ಮೊರೆ ಕೇಳುವ ವಿಷಯದಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ ಎನ್ನುವುದು ಬೇರೆ ಮಾತು. ಒಂದು ದಿನ ಆ ಇಲಾಖೆಯಿಂದ ಪುರಸಭೆಗೆ ಒಂದು ಆದೇಶ ಬಂತು.

‘ಜನರ ಆರೋಗ್ಯವು ಜನರ ಹತ್ತಿರವೇ ಇರತಕ್ಕದ್ದು. ಆದಕಾರಣ ಆರೋಗ್ಯ ಸೇವೆಗಳೆಲ್ಲವನ್ನೂ ಸ್ಥಳೀಯ ಅಂಗಗಳಿಗೆ ವಿಕೇಂದ್ರೀಕರಿಸಲಾಗಿದೆ. ಪ್ರತಿಯೊಂದು ಅಂಗವೂ ತನ್ನ ವ್ಯಾಪ್ತಿಯ ಆರೋಗ್ಯಕ್ಕೆ ತಾನೇ ಹೊಣೆಯಾಗತಕ್ಕದ್ದು. ಅನುದಾನವು ಹಿಂದಿನಿಂದ ಬರುತ್ತದೆ.’

ಅನುದಾನ ಈಗಲೂ ಹಿಂದಿನಿಂದಲೇ ಬರುತ್ತಿದೆ. ಅದನ್ನು ಬಿಡಿ. ಮುಖ್ಯಾಧಿಕಾರಿಗಳು ಆದೇಶವನ್ನು ಸಭೆಯಲ್ಲಿ ಓದಿ ಮುಗಿಸಿದಾಗ, ಒಂದನೇ ವಾರ್ಡಿನ ಸದಸ್ಯರು ಎದ್ದು ನಿಂತು ಕೇಳಿದರು: "ಅಂಗ ಅಂದ್ರೆ ಯಾವುದು, ಸ್ವಾಮಿ?"

"ಆಡಳಿತದ ಅಂಗ ಅಂತ ಇರಬೇಕು. ಅಂದ್ರೆ ನಾವೇ," ಎಂದರು ಮುಖ್ಯಾಧಿಕಾರಿಗಳು, ಅಷ್ಟೇನೂ ಧೈರ್ಯವಿಲ್ಲದೆ.

ಅಧ್ಯಕ್ಷರು ಕುರ್ಚಿಯಲ್ಲೇ ಕುಲುಕುಲು ನಕ್ಕರು. "ಏನ್ರೀ ಇದು, ಓದಿದೋರು ನೀವು! ಕಾಗದ ಬಂದಿರೋದು ಆರೋಗ್ಯ ಇಲಾಖೆಯಿಂದ. ಆರೋಗ್ಯದೋರು ಅಂಗ ಅಂತ ಬರೆದ್ರೆ ಅದು ಮೂಗೋ ಕಿವಿನೋ ಆಗ್ಬೇಕೇ ಹೊರತು ನೀವು ಹ್ಯಾಗ್ರೀ ಆಗ್ತೀರಿ?"

ಸದಸ್ಯರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಆದರೂ ಮುಖ್ಯಾಧಿಕಾರಿಗಳು ಜಾಗ್ರತೆಯ ಮನುಷ್ಯ. ಸ್ಪಷ್ಟೀಕರಣ ಕೋರಿ ಮೇಲಕ್ಕೆ ಬರೆದರು. ಉತ್ತರ ಬಹಳ ಬೇಗ ಬಂತು, ಅದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ‘ತಮ್ಮ ಹಂತದಲ್ಲಿಯೇ ತೀರ್ಮಾನಿಸಿಕೊಳ್ಳುವುದು. ನಮ್ಮನ್ನು ಕೇಳಿದರೆ ಅದು ವಿಕೇಂದ್ರೀಕರಣವಾಗುವುದಿಲ್ಲ.’

ಪಟ್ಟಣದಲ್ಲಿ ಏಳು ವಾರ್ಡುಗಳಿದ್ದವು. ಮನುಷ್ಯನನ್ನು ಏಳು ಭಾಗ ಮಾಡಲಾಯಿತು. ಒಂದನೇ ವಾರ್ಡಿನ ಸದಸ್ಯರು ಮನೆಪಾಠ ಹೇಳುವವರಾದ್ದರಿಂದ ತಲೆ ಅವರಿಗೆ ಹೋಯಿತು. ಎರಡನೆಯವರಿಗೆ ಎದೆ. ಕೈಗೆ ಮಾತ್ರ ಬಹಳ ಪೈಪೋಟಿ ನಡೆಯಿತು, ಕೈಯಿದ್ದಲ್ಲಿ ಏನಾದರೂ ಗಿಟ್ಟುತ್ತದೆಂಬ ನಂಬಿಕೆಯಿಂದ; ಕೊನೆಗೆ ಅದು ಮೂರನೇ ವಾರ್ಡಿಗೆ ದಕ್ಕಿತು. ನಾಲ್ಕನೇ ವಾರ್ಡಿನ ಸದಸ್ಯರು ಹಿಟ್ಟಿನ ಗಿರಣಿಯ ಮಾಲೀಕರು. ಹೊಟ್ಟೆಯನ್ನು ಅವರಿಗೇ ಏಕೆ ಕೊಡಬೇಕೆಂದು ಯಾರೂ ಕೇಳಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು. ಐದಕ್ಕೆ ಸೊಂಟ, ಆರಕ್ಕೆ ಕಾಲು. ಏಳನೇ ವಾರ್ಡಿನವರು ಅಂದು ಗೈರುಹಾಜರಾಗಿದ್ದರು. ಅವರಿಗೆ ಬೆನ್ನು ಉಳಿಯಿತು. ಆಮೇಲೆ ಅವರು, ಬೆನ್ನ ಹಿಂದೆ ಹೀಗೆ ಮಾಡಿದಿರಲ್ಲ ಎಂದು ಕೂಗಾಡಿದರು. ತಮ್ಮ ವ್ಯಾಪ್ತಿಯಲ್ಲಿಯೇ ಮಾಡಿದ್ದೇವೆ ಎಂದು ಲಿಖಿತ ಉತ್ತರ ಕೊಡಲಾಯಿತು.

ಎಲ್ಲ ಮುಗಿಯಿತು ಎನ್ನುವಾಗ ಗುಮಾಸ್ತ ಕೈಯೆತ್ತಿದ. "ಸ್ವಾಮಿ, ಜ್ವರ?"

"ಜ್ವರಕ್ಕೇನಾಯ್ತಯ್ಯ?"

"ಅದು ಯಾವ ಅಂಗಕ್ಕೆ ಬರುತ್ತೆ?"

"ಮೈಗೆ ಬರುತ್ತೆ."

"ಮೈ ಯಾವ ವಾರ್ಡು?"

ಸದಸ್ಯರು ಹಂಚಿಕೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು. ಬಳಿಕ ಈ ನಿರ್ಣಯವನ್ನು ಅಂಗೀಕರಿಸಲಾಯಿತು: ‘ಮೈ ಎಂಬ ಅಂಗವು ಹಂಚಿಕೆಯಲ್ಲಿ ಇಲ್ಲದಿರುವ ಕಾರಣ, ಮೈಗೆ ಬರುವ ಕಾಯಿಲೆಗಳು ಈ ಪಟ್ಟಣದಲ್ಲಿ ಇರುವುದಿಲ್ಲ.’ ಎಲ್ಲರೂ ಮೇಜು ಕುಟ್ಟಿದರು. ಜ್ವರ ಹೋದದ್ದು ಹೀಗೆ. ಅದರ ಬೆನ್ನಿಗೇ ಸುಸ್ತು, ನಿಶ್ಶಕ್ತಿ, ಮೈಕೈ ನೋವು ಎಲ್ಲವೂ ಹೋದವು. ಮೈಕೈ ನೋವಿನಲ್ಲಿ ಕೈಯಷ್ಟನ್ನು ಮಾತ್ರ ಮೂರನೇ ವಾರ್ಡು ಹಿಡಿದಿಟ್ಟುಕೊಂಡಿತು.

ಆಸ್ಪತ್ರೆಯ ಎದುರಿಗೆ ತನ್ನ ಮನೆಯ ಮುಂದೆಯೇ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನಿಗೆ ಇದೊಂದೂ ಮೊದಲು ಗೊತ್ತಾಗಲಿಲ್ಲ. ಅವನನ್ನು ಊರೆಲ್ಲ ಪಂಪು ಎಂದೇ ಕರೆಯುತ್ತಿತ್ತು. ಗಾಳಿ ಹೊಡೆಯುವ ಕಸುಬು ಒಂದು ಕಾರಣ. ಗಾಬರಿಯಾದಾಗ ಅವನ ಉಸಿರು ಪಂಪಿನ ಹಾಗೆಯೇ ಫುಸ್ ಫುಸ್ ಎನ್ನುತ್ತಿದ್ದುದು ಇನ್ನೊಂದು. ಆ ದಿನಗಳಲ್ಲಿ ಅದು ಸದಾ ಹಾಗೆಯೇ ಅನ್ನುತ್ತಿತ್ತು. ಅವನ ಹೆಂಡತಿ ಬಸುರಿ. ಹಿಂದೆ ಎರಡು ಸಲ ಬಸುರಾಗಿ, ಎರಡು ಸಲವೂ ಮಗು ಕೈಗೆ ಬಂದಿರಲಿಲ್ಲ. ಹೆಂಡತಿ ಹೊಲಿಗೆಯವಳು, ಮಿಷನ್ ತುಳಿಯುತ್ತಲೇ ಅತ್ತು ಮುಗಿಸಿದವಳು. ಪಂಪು ಅತ್ತಿರಲಿಲ್ಲ, ಅದು ಅವನೊಳಗೆ ಹಾಗೇ ಉಳಿದಿತ್ತು, ತೆಗೆಯದ ಮುಳ್ಳಿನ ಹಾಗೆ.

ಆಸ್ಪತ್ರೆಯಲ್ಲಿ ಇದ್ದವರು ಒಬ್ಬರೇ ಡಾಕ್ಟರಮ್ಮ. ಅವರು ಗಂಡಹೆಂಡಿರನ್ನು ಕೂರಿಸಿಕೊಂಡು ಹೇಳಿದ್ದರು: "ನೋಡಿ, ಈ ಸಲ ನೋವು ಶುರುವಾದಾಗ ನಾನು ಪಕ್ಕದಲ್ಲಿರಲೇಬೇಕು. ಪಕ್ಕದ ಊರು ಗಿಕ್ಕದ ಊರು ಅಂತ ಆ ರಸ್ತೇಲಿ ಕರ್ಕೊಂಡು ಹೋದೀರ, ಗುಂಡಿಗೊಂದು ಜೀವ ಹೋಗುತ್ತೆ. ನಾನಿದ್ರೆ ಹೆದರಿಕೆ ಇಲ್ಲ. ನಾನಿಲ್ದೇ ಇದ್ರೆ ಮಾತ್ರ ಹೇಳಕ್ಕಾಗಲ್ಲ."

ಇಷ್ಟೇ ವಿಷಯ. ಡಾಕ್ಟರಮ್ಮ ಪಕ್ಕದಲ್ಲಿರಬೇಕು. ಎದುರು ಬದಿಯ ಆಸ್ಪತ್ರೆಯಲ್ಲಿ ಇರುವವರೇ ತಾನೇ, ರಸ್ತೆ ದಾಟಿದರಾಯಿತು ಎಂದುಕೊಂಡು ಪಂಪು ನಿರಾಳವಾಗಿ ಮನೆಗೆ ಬಂದ.

ಮರುದಿನ ನೋಡಿದರೆ ಆಸ್ಪತ್ರೆಯ ಮಂಚಗಳು ತಳ್ಳುಗಾಡಿಯ ಮೇಲೆ ಏಳು ದಿಕ್ಕಿಗೆ ಹೋಗುತ್ತಿದ್ದವು. ತಲೆಯ ಚಿಕಿತ್ಸಾಲಯ ಕ್ಷೌರದಂಗಡಿಯ ಮಹಡಿಯ ಮೇಲೆ ಆರಂಭವಾಯಿತು. ಕೈಯದು ಮುಚ್ಚಿಹೋಗಿದ್ದ ಬೆರಳಚ್ಚು ಶಾಲೆಯಲ್ಲಿ. ಹೊಟ್ಟೆಯದು ಹಿಟ್ಟಿನ ಗಿರಣಿಯ ಹಿಂಭಾಗದಲ್ಲಿ. ಕಾಲಿನ ಚಿಕಿತ್ಸಾಲಯಕ್ಕೆ ಮೂರನೇ ಅಂತಸ್ತು ಸಿಕ್ಕಿತು. ಲಿಫ್ಟು ಇರಲಿಲ್ಲ. ಹತ್ತಿ ಬಂದವನಿಗೆ ಕಾಲು ಸರಿಯಿದೆಯೆಂದೇ ಅರ್ಥವಾದ್ದರಿಂದ ಅವನನ್ನು ಗುಣಮುಖನೆಂದು ಬರೆದುಕೊಂಡು ಕಳಿಸುತ್ತಿದ್ದರು. ಹತ್ತಲಾರದವನು ಬರಲೇ ಇಲ್ಲವಾದ್ದರಿಂದ ಅವನಿಗೆ ಕಾಯಿಲೆಯೇ ಇರಲಿಲ್ಲ. ಅಷ್ಟು ಕರಾರುವಾಕ್ಕಾದ ಚಿಕಿತ್ಸೆ ಬೇರೆಲ್ಲೂ ನಡೆದಿರಲಾರದು.

ಡಾಕ್ಟರಮ್ಮ ಒಬ್ಬರೇ ಆದ್ದರಿಂದ ಅವರನ್ನು ವಾರಕ್ಕೆ ಹಂಚಲಾಯಿತು. ಸೋಮವಾರ ತಲೆ, ಮಂಗಳವಾರ ಎದೆ, ಬುಧವಾರ ಕೈ, ಗುರುವಾರ ಹೊಟ್ಟೆ, ಶುಕ್ರವಾರ ಸೊಂಟ, ಶನಿವಾರ ಕಾಲು. ಭಾನುವಾರ ರಜೆ, ಅಂದು ಬೆನ್ನು. ಸೋಮವಾರ ಅವರು ಗದ್ದದಿಂದ ಕೆಳಗೆ ನೋಡುವಂತಿರಲಿಲ್ಲ. ಅವರ ಸ್ಕೂಟರಿನ ಚಕ್ರ ವಾರದಲ್ಲಿ ಮೂರು ಸಲವಾದರೂ ಪಂಕ್ಚರ್ ಆಗುತ್ತಿತ್ತು. ಪಂಪು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತ, "ಡಾಕ್ಟರಮ್ಮ, ನಮ್ಮೋಳಿಗೆ ಯಾವ ದಿನ ನೋವು ಬರಬೇಕು?" ಎಂದು ಕೇಳುವನು.

"ಗುರುವಾರ ಬಂದ್ರೆ ಒಳ್ಳೇದಪ್ಪ."

"ಬೇರೆ ದಿನ ಬಂದ್ರೆ?"

ಡಾಕ್ಟರಮ್ಮ ಟ್ಯೂಬನ್ನೇ ನೋಡುವರು. "ಗುಳ್ಳೆ ಬರ್ತಿದೆ ನೋಡು, ಅಲ್ಲಿ," ಎನ್ನುವರು.

ಆರನೇ ತಿಂಗಳಲ್ಲಿ ಹೆಂಡತಿಯ ಮುಖ ಬಿಳುಚಿಕೊಂಡಿತು. ರಕ್ತ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರಮ್ಮ. ರಕ್ತ ತೆಗೆಯುವುದು ಕೈಯಿಂದ. ಆದ್ದರಿಂದ ಇಬ್ಬರೂ ಮೂರನೇ ವಾರ್ಡಿಗೆ ಹೋದರು. ಸೂಜಿ ಚುಚ್ಚುವ ಹೊತ್ತಿಗೆ ಎದೆಯ ವಾರ್ಡಿನವರು ತಕರಾರು ತೆಗೆದರು: ರಕ್ತ ಹರಿಯುವುದು ನಮ್ಮಿಂದ, ನಮ್ಮನ್ನು ಕೇಳದೆ ಕೆಳಗಿನವರು ತೆಗೆಯುವುದು ಹೇಗೆ? ಹೊಟ್ಟೆಯವರು ಸುಮ್ಮನಿದ್ದಾರೆಯೇ? ಅನ್ನ ನಮ್ಮದು, ಅನ್ನದಿಂದ ರಕ್ತ, ಆದ್ದರಿಂದ ಉಗಮಸ್ಥಾನ ನಮ್ಮದು ಎಂದರು. ಎಲ್ಲಕ್ಕಿಂತ ಜೋರಾಗಿ ಕೂಗಿದವರು ಆರನೇ ವಾರ್ಡಿನವರು. "ನಾವು ಕಾಲುವೆಯ ಕೊನೇಲಿರೋರು ಸ್ವಾಮಿ! ಮೇಲಿನೋರೆಲ್ಲ ಹೀರ್ಕೊಂಡು ನಮ್ಮವರೆಗೆ ಬರೋ ಹೊತ್ತಿಗೆ ಏನಿರುತ್ತೆ? ಬರೀ ಜೋಮು!"

ಕೂಡಲೇ ರಕ್ತ ಹಂಚಿಕೆ ನ್ಯಾಯಮಂಡಳಿಯೊಂದನ್ನು ರಚಿಸಲಾಯಿತು. ಅದು ಬಹಳ ಹೊತ್ತು ಕೂತು ಮಧ್ಯಂತರ ತೀರ್ಪು ಕೊಟ್ಟಿತು: ‘ಯಾವುದೇ ವಾರ್ಡಿನ ಹಕ್ಕಿಗೆ ಬಾಧಕವಾಗದಂತೆ ಬೆರಳ ತುದಿಯಿಂದ ಒಂದು ಹನಿ ಬಿಡತಕ್ಕದ್ದು.’ ಆ ಒಂದು ಹನಿಯಲ್ಲಿ ಏನು ತಿಳಿಯಿತೆಂದರೆ, ಅದು ಕೆಂಪಗಿದೆ ಎಂದು. ಡಾಕ್ಟರಮ್ಮ ಕಬ್ಬಿಣದ ಮಾತ್ರೆಗಳನ್ನು ಸ್ಕೂಟರಿನ ಡಿಕ್ಕಿಯಿಂದ ತೆಗೆದು ಪಂಪುವಿನ ಅಂಗಡಿಯ ನಟ್ಟುಬೋಲ್ಟಿನ ಡಬ್ಬಿಯೊಳಗೆ ಹಾಕಿ, "ನಿನ್ನ ಕಬ್ಬಿಣದ ಜೊತೆ ನಂದೂ ಇರ್ಲಿ," ಎಂದು ಹೊರಟುಹೋದರು.

ಇಷ್ಟರಲ್ಲಿ ನಾಲ್ಕನೇ ವಾರ್ಡಿನಿಂದ ಹೆಂಡತಿಗೆ ಕರೆ ಬಂತು. ಅವಳ ಜೊತೆ ಅವಳ ತಾಯಿಯೂ ಹೊರಟರು. ಪಂಪುವಿನ ಈ ಅತ್ತೆ ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು; ದೊಡ್ಡ ಪಾತ್ರೆ, ದೊಡ್ಡ ದನಿ. ಗಿರಣಿಯ ಹಿಟ್ಟಿನಲ್ಲಿ ಮುಳುಗಿ ಬೆಳ್ಳಗೆ ಕುಳಿತಿದ್ದ ಹೊಟ್ಟೆ ಸದಸ್ಯರು ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟರು.

"ನೋಡಮ್ಮ ತಂಗಿ, ನಿನ್ನ ಹೊಟ್ಟೇಲಿರೋ ಮಗು ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಅಲ್ಲೇ ವಾಸ ಇದೆ. ನಿಯಮದ ಪ್ರಕಾರ ಅದು ನಮ್ಮ ವಾರ್ಡಿನ ಕಾಯಂ ನಿವಾಸಿ."

"ಸಂತೋಷ," ಎಂದಳು ಹೆಂಡತಿ.

"ಅದು ಈಚೆ ಬಂದ್ರೆ ನಮ್ಮ ವಾರ್ಡಿನ ಜನಸಂಖ್ಯೆ ಕಮ್ಮಿ ಆಗುತ್ತೆ. ಆದ್ರಿಂದ ಬರೋಕೆ ಮುಂಚೆ ನಮ್ಮಿಂದ ನಿರಾಕ್ಷೇಪಣಾ ಪತ್ರ ತಗೋಬೇಕು."

"ನನ್ನ ಮಗು ಈಚೆ ಬರೋಕೆ ನಿಮ್ಮ ರುಜು ಬೇಕಾ ಅಣ್ಣ?"

"ಬೇಕು. ಈಗ ಕೊಡೋಕಾಗಲ್ಲ. ಯಾಕಂದ್ರೆ ಪಟ್ಟಣದಲ್ಲೇ ಅತ್ಯಂತ ಆರೋಗ್ಯವಂತ ನಿವಾಸಿ ಅದೇ. ಧೂಳಿಲ್ಲ, ಸೊಳ್ಳೆ ಇಲ್ಲ, ಕೊಳಕು ನೀರಿಲ್ಲ. ಆರೋಗ್ಯವಂತ ವಾರ್ಡಿಗೆ ಕೊಡೋ ಬಹುಮಾನ ಘೋಷಣೆ ಆಗೋವರೆಗೂ ಅದು ಅಲ್ಲೇ ಇರ್ಬೇಕು."

ಅತ್ತೆ ಎದ್ದು ನಿಂತರು. "ಏನಪ್ಪ, ನಿನ್ನ ಹೊಟ್ಟೆ ನೋಡಿದ್ರೆ ಹನ್ನೆರಡು ತಿಂಗಳಾದ ಹಾಗಿದೆ. ನಿಂಗೆ ಯಾರು ಪತ್ರ ಕೊಡ್ತಿಲ್ಲ?"

ಸದಸ್ಯರು ಕೋಪಿಸಿಕೊಳ್ಳಲಿಲ್ಲ. ಹಿರಿಯರ ಮಾತೆಂದು ಹೊಟ್ಟೆಗೆ ಹಾಕಿಕೊಂಡರು. ಆ ಊರಿನಲ್ಲಿ ಯಾರ ತಪ್ಪನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುವ ಅಧಿಕಾರ ಈಗ ಅವರೊಬ್ಬರಿಗೇ ಇತ್ತು.

ಪಂಪು ಸುಮ್ಮನಿರಲಾರದೆ ಒಂದನೇ ವಾರ್ಡಿಗೆ ಓಡಿದ. ತಲೆ ಸದಸ್ಯರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು. "ತಲೆ ಹೊರಗೆ ಬಂತೋ, ಆ ಕ್ಷಣವೇ ಸ್ವಾಗತಿಸ್ತೇವೆ. ಆದ್ರೆ ಕುತ್ತಿಗೆಯಿಂದ ಕೆಳಗೆ ನಮಗೆ ಅಧಿಕಾರ ಇಲ್ಲ."

"ಅಂದ್ರೆ... ಅಷ್ಟಕ್ಕೇ ನಿಲ್ಲಿಸ್ಬೇಕಾ ಸಾರ್?" ಫುಸ್ ಫುಸ್.

"ನಿಲ್ಲಿಸಿ ಅಂತ ನಾನೆಲ್ಲಿ ಹೇಳ್ದೆ? ಮುಂದಿನ ವಾರ್ಡಿನೋರು ಬರೋವರೆಗೆ ಹಾಗೇ ಕಾಯ್ದಿರಿಸಿ."

"ಕಾಲು ಮೊದ್ಲು ಬಂದ್ರೆ ಸಾರ್?"

ತಲೆ ಸದಸ್ಯರ ಮುಖ ಗಂಟಿಕ್ಕಿತು. "ಅದು ಆರನೇ ವಾರ್ಡಿನೋರ ಪಿತೂರಿ. ನಾವು ತಡೆಯಾಜ್ಞೆ ತರ್ತೇವೆ."

ಕೊನೆಗೆ ಮುಖ್ಯಾಧಿಕಾರಿಗಳು ಮಧ್ಯಸ್ಥಿಕೆ ವಹಿಸಿ ಒಂದು ದಾರಿ ತೋರಿಸಿದರು. ಏಳೂ ವಾರ್ಡಿನ ಸದಸ್ಯರು ಹೆರಿಗೆಯ ಮಂಚದ ಪಕ್ಕ ಸಾಲಾಗಿ ನಿಲ್ಲತಕ್ಕದ್ದು. ಮಗುವಿನ ಆಯಾ ಅಂಗ ಬಂದ ಹಾಗೆ ಆಯಾ ಸದಸ್ಯರು ಸ್ವೀಕರಿಸಿ ಮುಂದಿನವರಿಗೆ ಹಸ್ತಾಂತರಿಸತಕ್ಕದ್ದು. ಹಸ್ತ ನಮ್ಮದು, ಹಸ್ತಾಂತರಕ್ಕೆ ನಮ್ಮ ಒಪ್ಪಿಗೆ ಬೇಕು ಎಂದು ಮೂರನೇ ವಾರ್ಡು ಪಟ್ಟು ಹಿಡಿಯಿತು, ಅದನ್ನೂ ಬಗೆಹರಿಸಲಾಯಿತು. ಜಂಟಿ ಸ್ವೀಕಾರಕ್ಕೆ ಏಪ್ರಿಲ್ ತಿಂಗಳ ಎರಡನೇ ಗುರುವಾರ ಗೊತ್ತಾಯಿತು. ‘ನಿವಾಸಿಯು ಸದರಿ ದಿನಾಂಕದಂದು ತಪ್ಪದೆ ಹಾಜರಾಗತಕ್ಕದ್ದು’ ಎಂಬ ಸೂಚನೆಯನ್ನು ಹೆಂಡತಿಯ ಹೊಟ್ಟೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ ಹೇಳಲಾಯಿತು. ಒಳಗಿನಿಂದ ಒಂದು ಒದೆ ಬಂತು. ಒಪ್ಪಿಗೆಯಿದೆ ಎಂದು ಬರೆದುಕೊಂಡರು.

ಈ ನಡುವೆ ಊರಿನ ಆರೋಗ್ಯ ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು, ಕಣ್ಣು ಕುಕ್ಕುವ ಹಾಗೆ. ಜ್ವರ ಸೊನ್ನೆ. ಸುಸ್ತು ಸೊನ್ನೆ. ಕಾಲಿನ ಕಾಯಿಲೆ ನೂರಕ್ಕೆ ನೂರು ಗುಣ. ಸಕ್ಕರೆ ಕಾಯಿಲೆ ತನ್ನ ವಾರ್ಡನ್ನು ಸಾಬೀತುಪಡಿಸಲಾರದೆ ತಿರಸ್ಕೃತವಾಗಿತ್ತು. ಸಾವು ಕೂಡ ಇಡೀ ಮೈಗೆ ಬರುವಂಥದ್ದಾದ್ದರಿಂದ ಅದೂ ಇಲ್ಲವಾಯಿತು. ಊರಿನ ಬಡಗಿಯ ಅಣ್ಣ ಮಾತ್ರ ಹನ್ನೊಂದು ದಿನ ಇಲ್ಲದ ಜ್ವರದಲ್ಲಿ ಬೆಂದು ಹೇಳದೆ ಕೇಳದೆ ತೀರಿಕೊಂಡ. ಅವನ ಮನೆಯವರು ಅತ್ತರು. ಅದನ್ನು ಕಣ್ಣಿನಲ್ಲಿ ನೀರು ಸೋರುವ ತೊಂದರೆಯೆಂದು ಒಂದನೇ ವಾರ್ಡಿನಲ್ಲಿ ದಾಖಲಿಸಿ ಹನಿ ಔಷಧಿ ಕೊಡಲಾಯಿತು.

ಈ ಅಂಕಿ ಅಂಶಗಳನ್ನು ಕಂಡು ಇಲಾಖೆಯವರು ಬೆರಗಾದರು. ಅಧಿಕಾರವನ್ನು ಕೆಳಗೆ ಇಳಿಸಿದರೆ ಆರೋಗ್ಯ ಮೇಲೆ ಏರುತ್ತದೆಂದು ತಾವು ಹೇಳಿರಲಿಲ್ಲವೇ! ನಾಡಿನ ಮೊದಲ ರೋಗಮುಕ್ತ ಪಟ್ಟಣವೆಂಬ ಪ್ರಶಸ್ತಿಯನ್ನು ವಿಶ್ವ ಆರೋಗ್ಯ ದಿನದಂದು ಪ್ರದಾನ ಮಾಡುವುದೆಂದು ಗೊತ್ತಾಯಿತು. ಅಂದು ಮಂಗಳವಾರ. ಸಮಾರಂಭಕ್ಕೆ ದೊಡ್ಡ ಜಾಗ ಬೇಕಿತ್ತು. ಖಾಲಿ ಬಿದ್ದಿದ್ದ ಆಸ್ಪತ್ರೆಯೇ ಸರಿ ಎಂದರು ಅಧ್ಯಕ್ಷರು. ಹೊರರೋಗಿಗಳ ಹಾಲಿನಲ್ಲಿ ವೇದಿಕೆ. ಅದರ ಹಿಂದಿನ ಹೆರಿಗೆ ಕೋಣೆಯಲ್ಲಿ ಒಳ್ಳೆಯ ದೀಪವೂ ನೀರೂ ಇದ್ದುದರಿಂದ ಅದು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕೋಣೆಯಾಯಿತು. ಮಂಚವೊಂದು ಬಾಗಿಲಲ್ಲಿ ಹಿಡಿಸದೆ ಅಲ್ಲೇ ಉಳಿದುಬಿಟ್ಟಿತ್ತು.

ಆ ಬೆಳಿಗ್ಗೆ ಧ್ವನಿವರ್ಧಕ ‘ಹಲೋ, ಹಲೋ, ಒಂದು ಎರಡು ಮೂರು’ ಎನ್ನುವ ಹೊತ್ತಿಗೆ ಎದುರು ಮನೆಯಲ್ಲಿ ಹೆಂಡತಿ ಹೊಲಿಗೆ ಮಿಷನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು.

"ಏನಾಯ್ತೇ?" ಎಂದ ಪಂಪು.

"ಬಂತು."

"ಇವತ್ತು ಮಂಗಳವಾರ ಕಣೇ! ಎದೆ! ಹೊಟ್ಟೆ ಗುರುವಾರ..."

"ಹೌದಾ? ಹಾಗಾದ್ರೆ ಒಳಗಿರೋರಿಗೆ ನೀವೇ ಹೇಳಿ. ನನ್ನ ಮಾತಂತೂ ಕೇಳ್ತಿಲ್ಲ."

ಪಂಪುವಿನ ಉಸಿರು ಹತ್ತಿಪ್ಪತ್ತು ಸೈಕಲ್ಲಿಗೆ ಸಾಕಾಗುವಷ್ಟು ಹೊರಟಿತು. ಅತ್ತೆ ಅವನ ಭುಜಕ್ಕೊಂದು ಕೊಟ್ಟರು. "ಅಳಿಯಂದ್ರೇ, ಆಮೇಲೆ ಗಾಳಿ ಹೊಡೀರಿ. ಡಾಕ್ಟರಮ್ಮ ಎಲ್ಲಿದ್ದಾರೆ ಈಗ?"

"ವೇದಿಕೆ ಮೇಲೆ. ಸನ್ಮಾನ ಇದೆ."

ಹೆಂಡತಿ ಸೀರೆಯ ಸೆರಗನ್ನು ಬಿಗಿದು ಸಿಕ್ಕಿಸಿಕೊಂಡಳು. "ಹಾಗಾದ್ರೆ ವೇದಿಕೆಗೇ ಹೋಗೋಣ. ನಡೀರಿ."

ರಸ್ತೆ ದಾಟುವುದು ಮೂರು ನಿಮಿಷದ ಕೆಲಸ. ಅವರಿಗೆ ಅದು ಮೂರು ಊರು ದಾಟಿದ ಹಾಗಾಯಿತು. ಎರಡು ಸಲ ಹೆಂಡತಿ ನಿಂತು ಅವನ ಮುಂಗೈಯನ್ನು ಹಿಂಡಿದಳು. ಎರಡನೇ ಸಲ ಹಿಂಡಿದಾಗ ಪಂಪುವಿಗೆ ಹಿಂದಿನ ಎರಡು ಸಲದ ನೆನಪು ಬಂತು. ಬಾಗಿಲಲ್ಲಿ ಎದೆಗೆ ಬಿಲ್ಲೆ ಚುಚ್ಚಿಕೊಂಡಿದ್ದ ಸ್ವಯಂಸೇವಕ ತಡೆದ.

"ಆಹ್ವಾನ ಪತ್ರಿಕೆ?"

"ಇದು ಕಾಣಿಸ್ತಿಲ್ವೇನಪ್ಪ?" ಎಂದು ಅತ್ತೆ ಮಗಳ ಹೊಟ್ಟೆ ತೋರಿಸಿದರು. "ಇದಕ್ಕಿಂತ ದೊಡ್ಡ ಪತ್ರಿಕೆ ಬೇಕಾ?"

ಸ್ವಯಂಸೇವಕನ ಮುಖ ಅರಳಿತು. "ಓ! ತಾಯಿ ಮಗು ಆರೋಗ್ಯ ರೂಪಕದೋರಾ? ಎಷ್ಟು ಹೊತ್ತಿಗ್ರೀ ಬರೋದು! ದಿಂಬು ಚೆನ್ನಾಗಿ ಕಟ್ಕೊಂಡಿದೀರ, ನಿಜವಾದ್ದೇ ಅನ್ಸುತ್ತೆ. ಹಿಂದಿನ ಬಾಗಿಲಿಂದ ಹೋಗಿ, ಬಣ್ಣದ ಕೋಣೆ ಅಲ್ಲೇ ಇದೆ."

ಪಂಪು ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದಳು. "ಹೌದಣ್ಣ, ರೂಪಕದೋರೇ," ಎಂದಳು.

ವೇದಿಕೆಯ ಮೇಲೆ ರಾಜಧಾನಿಯಿಂದ ಬಂದ ಇಲಾಖೆಯ ನಿರ್ದೇಶಕರು ವಿಕೇಂದ್ರೀಕರಣದ ಫಲಗಳ ಬಗ್ಗೆ ಮಾತಾಡುತ್ತಿದ್ದರು. ಪರದೆಯ ಸಂದಿಯಿಂದ ಪಂಪು, "ಡಾಕ್ಟರಮ್ಮ, ಪಂಕ್ಚರ್ರು! ಪಂಕ್ಚರ್ರು!" ಎಂದು ಪಿಸುಗುಟ್ಟಿದ. ಬೇರೆ ಮಾತು ಅವನ ಬಾಯಿಗೆ ಬರಲಿಲ್ಲ. ಡಾಕ್ಟರಮ್ಮ ಅವನ ಮುಖ ನೋಡಿದರು. ಕೈಯಲ್ಲಿದ್ದ ಹೂಗುಚ್ಛವನ್ನು ಬೆನ್ನು ಸದಸ್ಯರ ಮಡಿಲಿಗಿಟ್ಟು ಪರದೆಯ ಹಿಂದೆ ಮಾಯವಾದರು. ಮುಂದಿನ ಸಾಲಿನಿಂದ ಆಸ್ಪತ್ರೆಯ ಇಬ್ಬರು ನರ್ಸಮ್ಮಂದಿರೂ ಎದ್ದರು.

ಪಂಪು ಪರದೆಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡು ನಿಂತ. ಒಂದು ಕಿವಿಗೆ ನಿರ್ದೇಶಕರು, ಒಂದು ಕಿವಿಗೆ ಹೆಂಡತಿ. "ನಮ್ಮ ಗುರಿ ಏನು? ಕಟ್ಟಕಡೆಯ ಮನುಷ್ಯನವರೆಗೆ..." "ಇನ್ನೊಂದ್ಸಲ ಮುಕ್ಕಮ್ಮ, ಇನ್ನೊಂದ್ಸಲ!" "...ಸೇವೆಯನ್ನು ತಲುಪಿಸುವುದು!" "ಅಯ್ಯೋ ಅಮ್ಮಾ!" ಸಭಿಕರು ಯಾವುದಕ್ಕೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಆಮೇಲೆ ಒಳಗೆ ಎಲ್ಲವೂ ನಿಂತಿತು. ನರ್ಸಮ್ಮನ ಚಪ್ಪಲಿ ಸದ್ದಿಲ್ಲ, ಹೆಂಡತಿಯ ದನಿಯಿಲ್ಲ. ಆ ಮೌನ ಪಂಪುವಿ‌ಗೆ ಗೊತ್ತಿತ್ತು. ಅವನು ಅದನ್ನು ಎರಡು ಸಲ ಕೇಳಿದ್ದ. ಅವನ ಉಸಿರು ಫುಸ್ ಎನ್ನುವುದನ್ನೂ ಮರೆಯಿತು.

ಆಗ ಅಳು ಬಂತು.

ಎಂಥ ಅಳು! ಧ್ವನಿವರ್ಧಕದ ಅಗತ್ಯವೇ ಇರಲಿಲ್ಲ. ನಿರ್ದೇಶಕರು ಮಾತು ನಿಲ್ಲಿಸಿದರು. "ರೂಪಕ ಶುರುವಾಯ್ತು ಅಂತ ಕಾಣುತ್ತೆ. ಧ್ವನಿ ಬಹಳ ಸಹಜವಾಗಿದೆ," ಎಂದರು. ಪಂಪು ಪರದೆಯನ್ನು ಹಿಡಿದುಕೊಂಡು ಹೋ ಎಂದು ಅಳತೊಡಗಿದ. ಪರದೆ ಕಿತ್ತುಬಂತು. ಇಡೀ ಸಭೆಗೆ ಹೆರಿಗೆ ಕೋಣೆಯ ಬಾಗಿಲು ಕಂಡಿತು. ಬಾಗಿಲಲ್ಲಿ ಡಾಕ್ಟರಮ್ಮ, ಮೊಣಕೈವರೆಗೂ ಒದ್ದೆ.

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ," ಎಂದರು.

ಏಳೂ ಸದಸ್ಯರು ಎದ್ದು ನಿಂತರು. ತಲೆ ಮೊದಲು ಬಂತೇ, ಕಾಲು ಮೊದಲು ಬಂತೇ? ಹೊಟ್ಟೆಯ ಪತ್ರವಿಲ್ಲದೆ ನಿವಾಸಿ ಸ್ಥಳಾಂತರಗೊಂಡದ್ದು ಹೇಗೆ? ಗುರುವಾರ ಬರಬೇಕಾದವಳು ಮಂಗಳವಾರ ಬಂದರೆ ಅದು ಅತಿಕ್ರಮಣವಲ್ಲವೇ? ಡಾಕ್ಟರಮ್ಮ ಇವತ್ತು ಎದೆ ಬಿಟ್ಟು ಬೇರೇನನ್ನಾದರೂ ಮುಟ್ಟಿದರೋ?

"ಮಗೂನ ತಾಯಿ ಎದೆ ಮೇಲೆ ಮಲಗಿಸಿದೀನಿ," ಎಂದರು ಡಾಕ್ಟರಮ್ಮ. "ಎದೆ ಇವತ್ತಿನದೇ ತಾನೇ? ಉಳಿದದ್ದಕ್ಕೆ ಕಾರಣ ಕೇಳಿ ನೋಟಿಸು ಕೊಡಿ."

ಮುಖ್ಯಾಧಿಕಾರಿಗಳು ಬೆವರಿದರು. ನಿರ್ದೇಶಕರ ಮುಂದೆ ಈ ರಂಪ! ಮಗು ಯಾವ ವಾರ್ಡಿನದೆಂದು ಈಗಿಂದೀಗ ತೀರ್ಮಾನವಾಗದಿದ್ದರೆ ಪ್ರಶಸ್ತಿ ಹೋದಂತೆಯೇ. ಆಗ ಗುಮಾಸ್ತ, ಜ್ವರವನ್ನು ನಿರ್ಮೂಲನ ಮಾಡಿದ ಅದೇ ಗುಮಾಸ್ತ, ವೇದಿಕೆಯ ಮೇಲಿನ ಬಟ್ಟೆಯ ಫಲಕದತ್ತ ಬೆರಳು ತೋರಿಸಿದ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ವಿಶ್ವ ಆರೋಗ್ಯ ದಿನದ ಅಂಗವಾಗಿ.’

"ಸ್ವಾಮಿ, ಇವರು ರೂಪಕದೋರು ಅಂತ ಬಾಗಿಲಲ್ಲೇ ಹೇಳಿದ್ದಾರೆ. ಅಂದ್ರೆ ಮಗು ಕಾರ್ಯಕ್ರಮದ ಅಂಗವಾಗಿ ಹುಟ್ಟಿದೆ. ಕಾರ್ಯಕ್ರಮ ಅನ್ನೋದೂ ಒಂದು ಅಂಗ. ಅದು ಯಾವ ವಾರ್ಡಿಗೂ ಸೇರಿಲ್ಲ."

ಅಧ್ಯಕ್ಷರು ಫಲಕವನ್ನು ಎರಡು ಸಲ ಓದಿದರು. "ಅಂಗ ಅಂದ್ರೆ ಅಂಗ ಕಣ್ರೀ," ಎಂದರು, ಬಹಳ ನೆಮ್ಮದಿಯಿಂದ. ನಿರ್ದೇಶಕರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಉಳಿದವರು ತಟ್ಟದಿರಲು ಕೈಗಳೇನು ಅವರವೇ? ಮೂರನೇ ವಾರ್ಡಿನವು. ಆ ವಾರ್ಡಿನ ಸದಸ್ಯರು ಅನುಮತಿ ಕೊಟ್ಟರು. ಮರುವಾರದ ಸಭೆಯಲ್ಲಿ ನಿಯಮವನ್ನು ತಿದ್ದಲಾಯಿತು: ‘ಯಾವುದೇ ಕಾರ್ಯಕ್ರಮದ ಅಂಗವಾಗಿ ನಡೆಯುವ ಚಿಕಿತ್ಸೆಗೆ ವಾರ್ಡಿನ ಮಿತಿ ಅನ್ವಯಿಸುವುದಿಲ್ಲ.’

ಅಲ್ಲಿಂದ ಮುಂದೆ ಆ ಪಟ್ಟಣದ ಆರೋಗ್ಯಕ್ಕೆ ಕೊರತೆಯೇ ಇಲ್ಲ. ಯಾರಿಗಾದರೂ ತಲೆ ಸಿಡಿಯುತ್ತಿದ್ದರೆ ಮನೆಯವರು ವಿಚಾರ ಸಂಕಿರಣ ಏರ್ಪಡಿಸುತ್ತಾರೆ. ಕಾಲು ಮುರಿದವನು ಓಟದ ಸ್ಪರ್ಧೆಯೊಂದನ್ನು ಉದ್ಘಾಟಿಸುತ್ತಾನೆ. ಹೊಟ್ಟೆಯಲ್ಲಿ ಶಸ್ತ್ರಚಿಕಿತ್ಸೆಯೆಂದರೆ ರಿಬ್ಬನ್ ಕತ್ತರಿಸುವ ಸಮಾರಂಭ. ಕತ್ತರಿ ಎರಡಕ್ಕೂ ಒಂದೇ, ನಡುವೆ ಕುದಿಸಿದರಾಯಿತು. ಜ್ವರವೆನ್ನುವುದು ಈಗಲೂ ಇಲ್ಲವೇ ಇಲ್ಲ; ಆದ್ದರಿಂದ ಅದು ಬಂದವರು ಜ್ವರ ನಿರ್ಮೂಲನಾ ದಿನಾಚರಣೆ ನಡೆಸಿ, ಮಾತ್ರೆಯನ್ನು ಸ್ಮರಣಿಕೆಯಾಗಿ ಸ್ವೀಕರಿಸುತ್ತಾರೆ. ಬಡಗಿಯ ಮನೆಯವರು ಮಾತ್ರ ಯಾವ ಸಮಾರಂಭಕ್ಕೂ ಬರುವುದಿಲ್ಲ. ಎಲ್ಲ ಕಾರ್ಯಕ್ರಮಕ್ಕೂ ಮುಖ್ಯ ಅತಿಥಿ ಡಾಕ್ಟರಮ್ಮನೇ. ಭಾಷಣ ಮಾಡುವುದಿಲ್ಲ, ನೇರವಾಗಿ ಪರದೆಯ ಹಿಂದೆ ಹೋಗುತ್ತಾರೆ. ಎಲ್ಲರಿಗೂ ಅಭ್ಯಾಸವಾಗಿಹೋಗಿದೆ, ಪಕ್ಕದ ಪಟ್ಟಣಗಳವರು ಬಂದು ಕಲಿತುಕೊಂಡೂ ಹೋಗಿದ್ದಾರೆ.

ಮಗುವನ್ನು ಮನೆಯಲ್ಲಿ ಅಂಗು ಎಂದು ಕರೆಯುತ್ತಾರೆ. ಪಂಪು ಅವಳನ್ನು ಅಂಗಡಿಯ ಮುಂದೆ ಕೂರಿಸಿಕೊಂಡು ಟ್ಯೂಬಿನ ಗುಳ್ಳೆ ತೋರಿಸುತ್ತಾನೆ. ಅವಳು ಅದನ್ನು ಹಿಡಿಯಲು ಹೋಗಿ ನೀರೆಲ್ಲ ಚೆಲ್ಲುತ್ತಾಳೆ. "ನಿನ್ನ ಹುಟ್ಟಿದ ದಿನ ಯಾವುದೇ?" ಎಂದು ಗಿರಾಕಿಗಳು ಸುಮ್ಮನೆ ಕೇಳಿದರೂ ಸಾಕು, ಉತ್ತರ ಹೇಳುವವನು ಅಪ್ಪನೇ. ಆಗ ಅವನ ಉಸಿರು ಒಂದಿಷ್ಟೂ ಏದುವುದಿಲ್ಲ: ಏಪ್ರಿಲ್ ಏಳನೇ ತಾರೀಖು, ಮಂಗಳವಾರ, ಎದೆಯ ದಿನ.